ಚರ್ಚೆಯಲ್ಲಿ ಎತ್ತಿದ ಕೈ

ಮಕ್ಕಳಿಗಿಂತ ದೊಡ್ಡವರನ್ನು ಸುಮ್ಮನಿರಿಸುವುದು ಕಷ್ಟ ಎಂಬ ಸತ್ಯವನ್ನು ನಾನು ಶಾಲೆಯಲ್ಲಿ ಕಲಿಯಲಿಲ್ಲ. ಶಾಲೆ ಬಿಟ್ಟ ಮೇಲೆ, ಮನೆಯ ಸೋಫಾದ ಮೇಲೆ ಕುಳಿತು ಕಲಿತೆ. ಬಹುಕಾಲ ಕನ್ನಡ ಶಾಲೆಯ ಅಧ್ಯಾಪಕಿಯಾಗಿದ್ದವಳು ನಾನು. ಒಬ್ಬರು ಮಾತನಾಡುವಾಗ ಇನ್ನೊಬ್ಬರು ಬಾಯಿ ತೆರೆಯಬಾರದು. ಹೇಳಬೇಕಾದದ್ದಿದ್ದರೆ ಕೈ ಎತ್ತಬೇಕು. ಹೆಸರು ಕರೆದ ಮೇಲೆ ಎದ್ದು ನಿಂತು ಪೂರ್ಣವಾಕ್ಯದಲ್ಲಿ ಉತ್ತರಿಸಬೇಕು. ಒಂದನೆಯ ತರಗತಿಯ ಮಕ್ಕಳು ಇಷ್ಟನ್ನು ಜೂನ್ ಮುಗಿಯುವುದರೊಳಗೆ ಕಲಿತುಬಿಡುತ್ತಾರೆ. ತಲೆ ನರೆತ ಶಾಸಕರು, ವಕ್ತಾರರು, ಚಿಂತಕರು ಹಾಗೂ ಜ್ಯೋತಿಷಿಗಳು ಇನ್ನೂ ಕಲಿತಿಲ್ಲವೆಂಬುದು ಪ್ರತಿ ಸಂಜೆ ಹೊರಮಾವಿನ ನಮ್ಮ ಮನೆಯ ಟಿವಿಯಲ್ಲಿ ಸಾಬೀತಾಗುತ್ತದೆ. ಅವರ ಗದ್ದಲವನ್ನಾದರೂ ಸಹಿಸಬಹುದು. ಅವರ ವಾಕ್ಯಗಳನ್ನು ಸಹಿಸಲಾಗದು. ತಮ್ಮ ಪಕ್ಷದ ತಪ್ಪಿಗೆ ಅವರಲ್ಲಿ ಕರ್ತೃಪದವೇ ಇರುವುದಿಲ್ಲ: "ಕೆಲವು ಲೋಪಗಳಾಗಿವೆ." ಆದುವು, ಅಷ್ಟೆ, ಮಳೆಯಂತೆ, ಮಂಜಿನಂತೆ, ತಾವಾಗಿಯೇ ಆದುವು. ಎದುರು ಪಕ್ಷದ ತಪ್ಪಿಗಾದರೋ ಕರ್ತೃ ಮಾತ್ರವಲ್ಲ, ಕರ್ತೃವಿನ ತಂದೆ, ಮಾವ, ಭಾವಮೈದುನ ಎಲ್ಲರೂ ಹಾಜರಿರುತ್ತಾರೆ. ರಸ್ತೆ ಚೆನ್ನಾಗಿದ್ದರೆ "ನಾನು ಹಾಕಿಸಿದೆ", ಅದೇ ರಸ್ತೆ ಕುಸಿದರೆ "ಹಿಂದಿನ ಸರ್ಕಾರ ಹಾಕಿಸಿತು."

ನಾನು ನೌಕರಿ ಬಿಟ್ಟದ್ದು ಗಂಟಲಿನ ದೆಸೆಯಿಂದ. ಗಂಟಲಲ್ಲಿ ಗಂಟು ಕಟ್ಟಿಕೊಂಡಿದೆ, ಇನ್ನು ಮೇಲೆ ಕೂಗಬಾರದು ಎಂದು ವೈದ್ಯರು ಅಪ್ಪಣೆ ಮಾಡಿದರು. ಕೂಗದೆ ಪಾಠ ಹೇಳುವುದು ಹೇಗೆ? ಕೂಗದೆ ಸಂಸಾರ ಮಾಡುವುದಂತೂ ಹೇಗೆ? ನಮ್ಮ ಯಜಮಾನರು ಗರುಡಾಚಾರ್‌ಪಾಳ್ಯದ ಕಾರ್ಖಾನೆಯೊಂದರಲ್ಲಿ ಮೇಲ್ವಿಚಾರಕರು. ದಿನವಿಡೀ ಯಂತ್ರಗಳ ಸದ್ದಿನಲ್ಲಿದ್ದು ಬರುವ ಅವರಿಗೆ ಮನೆ ನಿಶ್ಶಬ್ದವಾಗಿದ್ದರೆ ಕಿವಿ ಗುಂಯ್ ಎನ್ನುತ್ತದಂತೆ. ಆದ್ದರಿಂದ ಬಂದೊಡನೆ ಚಪ್ಪಲಿ ಬಿಡುವ ಮುನ್ನವೇ ಚರ್ಚೆ ಹಾಕುತ್ತಾರೆ. ನಾನು ಕುಳಿತಲ್ಲಿಂದಲೇ, ಪಿಸುದನಿಯಲ್ಲಿ, ಪರದೆಯ ಮೇಲಿನವರನ್ನು ತಿದ್ದುತ್ತಿರುತ್ತೇನೆ.

"ಅವ್ರಿಗೆ ಕೇಳ್ಸಲ್ಲ ಕಣೇ" ಎನ್ನುತ್ತಾರೆ ಅವರು.

"ನಿಮಗಾದರೂ ಕೇಳಿಸಲಿ."

"ಅದಕ್ಕೇ ಅಲ್ವಾ ಸೌಂಡ್ ಜಾಸ್ತಿ ಇಡೋದು!"

ನಮ್ಮ ಅತ್ತೆಯವರ ಸಮಸ್ಯೆ ಬೇರೆ. ಅವರಿಗೆ ವಾರ್ತೆಗೂ ಧಾರಾವಾಹಿಗೂ ನಡುವೆ ಗೋಡೆಯಿಲ್ಲ. ಧಾರಾವಾಹಿಯ ಖಳನಾಯಕಿ ಜೈಲಿಗೆ ಹೋದಾಗ ಮರುದಿನದ ಪತ್ರಿಕೆಯಲ್ಲಿ ಸುದ್ದಿ ಬಂತೇ ಎಂದು ವಿಚಾರಿಸುತ್ತಾರೆ. ಚರ್ಚೆಯನ್ನು ನೋಡುತ್ತಾ ಕತೆ ಮುಂದೇನಾಗುತ್ತದೆಂದು ಕಾಯುತ್ತಾರೆ. ಒಂದು ಸಂಜೆ ಕೇಳಿದರು: "ಈ ಕನ್ನಡಕದವ್ನು ಹೋದ್ ತಿಂಗ್ಳು ಆ ಕಡೆ ಕೂತ್ಕೊಂಡು ಈ ಕಡೆಯವ್ರನ್ನ ಬೈತಿದ್ನಲ್ಲೇ. ಈಗ್ಯಾಕೆ ಈ ಕಡೆ ಕೂತು ಆ ಕಡೆಯವ್ರನ್ನ ಬೈತಾವ್ನೆ?"

"ಪಕ್ಷ ಬದಲಾಯಿಸಿದ್ದಾರೆ ಅತ್ತೆ."

ಅತ್ತೆಗೆ ಸಮಾಧಾನವಾಗಲಿಲ್ಲ. "ಧಾರಾವಾಹೀಲಿ ಸೊಸೆ ಗಂಡನ್ ಮನೆ ಬಿಡೋಕೆ ವರ್ಷಗಟ್ಲೆ ಅಳ್ತಾಳೆ. ಇವ್ನು ಸೋಪಿನ್ ಅಡ್ವರ್ಟೈಸ್‌ಮೆಂಟ್ ಮುಗಿಯೋದ್ರೊಳ್ಗೆ ಬಿಟ್ಬಂದ್ನಾ? ಬೈಗುಳಾನಾದ್ರೂ ಬದ್ಲಾಯಿಸ್ಬಾರ್ದಾ?" ರಾಜಕೀಯ ವಿಶ್ಲೇಷಕರೆಂದು ಹೆಸರಿನ ಕೆಳಗೆ ಬರೆಸಿಕೊಂಡವರಿಂದ ನಾನು ಇಷ್ಟು ಅಚ್ಚುಕಟ್ಟಾದ ವಿಶ್ಲೇಷಣೆಯನ್ನು ಕೇಳಿಲ್ಲ.

ಹೀಗೆ ಟಿವಿಯನ್ನು ಬೈದುಕೊಂಡು ನೆಮ್ಮದಿಯಾಗಿದ್ದ ನಾನು ಆ ಪೆಟ್ಟಿಗೆಯೊಳಕ್ಕೇ ಹೋಗಿ ಕೂರಬೇಕಾಗಿ ಬಂದದ್ದಕ್ಕೆ ಕಾರಣ ನಮ್ಮ ಶಾಲೆ. ನಾನು ಪಾಠ ಹೇಳುತ್ತಿದ್ದ ಆ ಕನ್ನಡ ಶಾಲೆ ನಮ್ಮ ಮನೆಗೆ ಎರಡು ತಿರುವು ಆಚೆ, ಅಪಾರ್ಟ್‌ಮೆಂಟುಗಳ ನಡುವೆ, ಯಾರೋ ಮರೆತು ಬಿಟ್ಟುಹೋದ ಚೀಲದಂತೆ ಕುಳಿತಿದೆ. ಅಲ್ಲಿಗೆ ಬರುವವರು ಬಹುಮಟ್ಟಿಗೆ ಯಾದಗಿರಿ, ರಾಯಚೂರುಗಳ ಕಡೆಯಿಂದ ಬಂದು ಒಂದೊಂದು ಕೋಣೆಯ ಬಾಡಿಗೆ ಮನೆಗಳಲ್ಲಿರುವವರ ಮಕ್ಕಳು. ಕಾಂಪೌಂಡಿನ ಮೇಲೆ ಶಾಲೆಯ ನಾಮಫಲಕವಿದೆ. ಇದೆಯೆಂದು ನಾನು ನೆನಪಿನಿಂದ ಹೇಳುತ್ತಿದ್ದೇನೆ. ಏಕೆಂದರೆ ನಮ್ಮ ಬಡಾವಣೆಯ ಮುಖಂಡರೊಬ್ಬರು "ಕನ್ನಡವೇ ನನ್ನ ಉಸಿರು" ಎಂದು ತಮ್ಮ ಹುಟ್ಟುಹಬ್ಬದ ಫ್ಲೆಕ್ಸನ್ನು ಅದರ ಮೇಲೆಯೇ ಕಟ್ಟಿಸಿದ್ದರು. ಅವರ ಮಕ್ಕಳು ಓದುವ ಶಾಲೆಯಲ್ಲಿ ಕನ್ನಡ ಮಾತನಾಡಿದರೆ ದಂಡ ಹಾಕುತ್ತಾರೆಂದು ಕೇಳಿದ್ದೇನೆ. ಮನೆಯಲ್ಲಿ ಉಸಿರು ಬಿಟ್ಟು ಶಾಲೆಯಲ್ಲಿ ಬಿಗಿಹಿಡಿಯುವ ಈ ಪ್ರಾಣಾಯಾಮವನ್ನು ಆ ಮಕ್ಕಳು ಹೇಗೆ ಸಾಧಿಸಿಕೊಂಡಿದ್ದಾರೋ!

ಮಕ್ಕಳ ಸಂಖ್ಯೆ ಕಡಿಮೆಯಾಯಿತೆಂದು ಆ ಶಾಲೆಯನ್ನು ಮುಖ್ಯರಸ್ತೆಯಾಚೆಯ ಇನ್ನೊಂದು ಶಾಲೆಯೊಂದಿಗೆ ಸೇರಿಸಿಬಿಡುತ್ತಾರೆಂಬ ಸುದ್ದಿ ಹಬ್ಬಿತು. ಸುದ್ದಿ ತಂದವಳು ಶರಣಮ್ಮ. ಎದುರಿನ ಅಪಾರ್ಟ್‌ಮೆಂಟಿನಲ್ಲಿ ಮೆಟ್ಟಿಲು ಒರೆಸುವ ಕೆಲಸದವಳು. ಅವಳ ಮಗಳು ಎರಡನೆಯ ತರಗತಿ, ಮಗ ನಾಲ್ಕನೆಯದು.

"ಆ ರೋಡ್ ನೀವು ನೋಡೀರಲ್ರೀ ಟೀಚರ್ರ" ಎಂದಳು, ಬಾಗಿಲಲ್ಲೇ ನಿಂತು. "ಕೆ.ಆರ್. ಪುರಂ ಕಡಿಂದ ನೀರಿನ ಟ್ಯಾಂಕರ್ ಬರ್ತಾವ್ರಿ, ಹಾರ್ನ್ ಹೊಡೀತಾವ, ಬ್ರೇಕ್ ಹೊಡಿಯಂಗಿಲ್ಲ. ನಮ್ ಹುಡುಗಿ ಹ್ಯಾಂಗ ದಾಟ್ತದ? ನಾ ಏಳಕ್ಕ ಡ್ಯೂಟಿಗೆ ಹೋಗಾಕಿ. ಸಾಲಿ ಬಿಡಿಸಿ ಮನ್ಯಾಗ ಕೂಡಿಸ್ಬೇಕಾಗ್ತದ್ರಿ. ನೀವು ಯಾರಿಗರ ಹೇಳ್ರಿ."

ಯಾರಿಗೆ ಹೇಳುವುದು? ಹೇಳಬೇಕಾದವರಿಗೆಲ್ಲ ಹೇಳಿಯಾಗಿತ್ತು, ಅವರೆಲ್ಲರೂ "ಮೇಲಿನವರಿಗೆ ಹೇಳಿ" ಎಂದಿದ್ದರು. ಮೇಲೆ ಮೇಲೆ ಹೋದರೆ ಕೊನೆಗೆ ಆಕಾಶ. ಆಕಾಶದಲ್ಲಿ ಏನಿದೆ? ಉಪಗ್ರಹ. ಉಪಗ್ರಹದಲ್ಲಿ ಏನಿದೆ? ಟಿವಿ ಚಾನೆಲ್. ಇದು ನನ್ನ ತರ್ಕವಲ್ಲ, ನಮ್ಮ ಯಜಮಾನರದು. ಅವರ ಸಹೋದ್ಯೋಗಿಯ ಮಗಳು ಚಾನೆಲೊಂದರಲ್ಲಿ ಅತಿಥಿಗಳನ್ನು ಹೊಂದಿಸುವ ಕೆಲಸದಲ್ಲಿದ್ದಳು. ಅದು ನವೆಂಬರ್ ತಿಂಗಳು; ವರ್ಷದ ಉಳಿದ ಹನ್ನೊಂದು ತಿಂಗಳು ಕ್ಷೇಮವಾಗಿರುವ ಕನ್ನಡಕ್ಕೆ ಆ ಒಂದು ತಿಂಗಳು ಮಾತ್ರ ಟಿವಿಯಲ್ಲಿ ಪ್ರಾಣಾಪಾಯ. "ಕನ್ನಡ ಉಳಿಯುತ್ತಾ, ಅಳಿಯುತ್ತಾ?" ಎಂಬ ಚರ್ಚೆಗೆ ಒಬ್ಬ ಮಹಿಳೆ ಕಡಿಮೆ ಬಿದ್ದಿದ್ದರು.

"ಮೇಡಂ, ಶಿಕ್ಷಣ ತಜ್ಞೆ ಅಂತ ಹಾಕ್ತೀವಿ" ಎಂದಳು ಆ ಹುಡುಗಿ ಫೋನಿನಲ್ಲಿ.

"ನಾನು ಶಿಕ್ಷಕಿಯಮ್ಮಾ. ತಜ್ಞೆಯಲ್ಲ."

"ಗೊತ್ತು ಮೇಡಂ. ಶಿಕ್ಷಕಿ ಅಂತ ಹಾಕಿದ್ರೆ ಜನ ಚಾನೆಲ್ ಚೇಂಜ್ ಮಾಡ್ತಾರೆ. ಹೋಂವರ್ಕ್ ಕೊಡ್ತೀರಿ ಅನ್ಕೋತಾರೆ."

"ನಮ್ಮ ಶಾಲೆಯ ವಿಷಯ ಹೇಳಬಹುದೇ?"

"ಏನ್ ಬೇಕಾದ್ರೂ ಹೇಳಿ ಮೇಡಂ. ಸ್ವಲ್ಪ ಅಗ್ರೆಸ್ಸಿವ್ ಆಗಿ ಹೇಳಿ. ಆಮೇಲೆ, ಗ್ರೀನ್ ಸೀರೆ ಬೇಡ. ಬ್ಯಾಕ್‌ಗ್ರೌಂಡ್ ಗ್ರೀನ್ ಇರುತ್ತೆ. ಸೀರೆ ಮಾಯ ಆಗ್ಬಿಡುತ್ತೆ, ತಲೆ ಒಂದೇ ಕಾಣುತ್ತೆ."

ತಲೆ ಒಂದೇ ಕಂಡರೂ ಸಾಕಿತ್ತು, ಅದರೊಳಗೆ ನಾನು ಮೂರು ವಾಕ್ಯಗಳನ್ನು ಸಿದ್ಧಮಾಡಿ ಇಟ್ಟುಕೊಂಡಿದ್ದೆ: ಈ ಶಾಲೆಯ ಮಕ್ಕಳು ಆ ರಸ್ತೆಯನ್ನು ದಾಟಲಾರರು. ದಾಟಲಾರದ ಮಕ್ಕಳು ಶಾಲೆಯನ್ನೇ ಬಿಡುತ್ತಾರೆ. ಆದ್ದರಿಂದ ಶಾಲೆ ಇದ್ದಲ್ಲಿಯೇ ಇರಲಿ. ಕರ್ತೃ, ಕರ್ಮ, ಕ್ರಿಯಾಪದಗಳೆಲ್ಲ ತಮ್ಮ ತಮ್ಮ ಸ್ಥಾನದಲ್ಲಿದ್ದ, ಗಂಟಲಿಗೂ ಭಾರವಾಗದ ವಾಕ್ಯಗಳು. ಅಡುಗೆಮನೆಯಲ್ಲಿ, ಸ್ನಾನದ ಮನೆಯಲ್ಲಿ, ಬಸ್ಸಿನಲ್ಲಿ ಮತ್ತೆ ಮತ್ತೆ ಹೇಳಿಕೊಂಡೆ.

ಸೀರೆಯ ಪ್ರಶ್ನೆ ಮಾತ್ರ ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ರವಿಕೆಗೆಂದು ಶಿವಾಜಿನಗರದ ಖಾದರ್ ಸಾಹೇಬರಲ್ಲಿಗೆ ಹೋದೆ. ನನ್ನ ಮದುವೆಯ ಕಾಲದಿಂದಲೂ ಅವರೇ ನಮ್ಮ ದರ್ಜಿ. ಕೇಸರಿ ಅಂಚಿನ ಸೀರೆಯನ್ನು ಬಿಚ್ಚಿ ತೋರಿಸಿದೆ. ಅವರು ಕನ್ನಡಕದ ಮೇಲಿನಿಂದ ನೋಡಿ, "ಟಿವಿಗಾ ಟೀಚರ್? ಯಾವ ಪಾರ್ಟಿ?" ಎಂದರು.

"ಯಾವ ಪಾರ್ಟಿಯೂ ಇಲ್ಲ ಸಾಹೇಬರೇ!"

"ಅರೆ, ನಮ್ಗೇನು, ನೀವು ಯಾರ್ ಕಡೆ ಇದ್ರೂ ಅಳತೆ ಅದೇ. ಆದ್ರೆ ಈ ಕಲರ್ ಹಾಕಿದ್ರೆ ನೀವು ಬಾಯಿ ತೆಗೆಯೋಕ್ ಮುಂಚೆ ಅರ್ಧ ಜನಕ್ಕೆ ಕೋಪ."

ನೀಲಿ ಸೀರೆ ತೆಗೆದೆ, ಅದಕ್ಕೊಂದು ಪಕ್ಷವಿತ್ತು. ಕೆಂಪು, ಅದಕ್ಕಂತೂ ಇತ್ತು. ಹಸಿರು ಮೊದಲೇ ಮಾಯವಾಗುವ ಬಣ್ಣ. ಹಳದಿ ಮತ್ತು ಕೆಂಪನ್ನು ಒಟ್ಟಿಗೆ ಉಟ್ಟರೆ ಯಾರಾದರೂ ಮೈಕು ಕೊಟ್ಟು ಧರಣಿಗೆ ಕೂರಿಸಿಯಾರು. ಬಿಳಿಯದನ್ನು ಉಟ್ಟರೆ ಸ್ವತಃ ಚುನಾವಣೆಗೆ ನಿಂತಂತೆ ಕಾಣುತ್ತದೆ. ಕಾಮನಬಿಲ್ಲನ್ನು ಇಷ್ಟು ಕೂಲಂಕಷವಾಗಿ ಪಾಲು ಮಾಡಿಕೊಂಡ ಈ ಜನ, ಕಾವೇರಿ ನೀರಿನ ವಿಷಯದಲ್ಲಿ ಮಾತ್ರ ಇನ್ನೂ ಒಂದು ತೀರ್ಮಾನಕ್ಕೆ ಬಂದಿಲ್ಲ. ಕೊನೆಗೆ ಉಳಿದದ್ದು ಬೂದುಬಣ್ಣ. "ಇದು ಪರ್ಫೆಕ್ಟ್ ಟೀಚರ್. ಇದ್ರಲ್ಲಿ ನಿಮ್ಗೆ ಯಾವ ಅಭಿಪ್ರಾಯಾನೂ ಇಲ್ಲ ಅನ್ಸುತ್ತೆ" ಎಂದು ಖಾದರ್ ಸಾಹೇಬರು ಕತ್ತರಿ ಎತ್ತಿದರು.

ಚಾನೆಲಿನ ಕಚೇರಿ ಇಂದಿರಾನಗರದಲ್ಲಿ, ಎರಡು ಕಾಫಿ ಹೋಟೆಲುಗಳ ನಡುವೆ. ಪರದೆಯ ಮೇಲೆ ಅರಮನೆಯಂತೆ ಹೊಳೆಯುವ ಆ ಮೇಜಿನ ಹಿಂಬದಿ ಬರಿಯ ಪ್ಲೈವುಡ್ಡು, ಅದರ ಮೇಲೆ ಯಾರೋ ಬಡಗಿ ಸೀಸದಕಡ್ಡಿಯಲ್ಲಿ ಕೂಡುವ ಲೆಕ್ಕ ಮಾಡಿದ್ದನು, ಲೆಕ್ಕ ತಪ್ಪಾಗಿತ್ತು. ಬಣ್ಣ ಬಳಿಯುವ ಕೋಣೆಯಲ್ಲಿ ಆಡಳಿತ ಪಕ್ಷದ ವಕ್ತಾರರೂ ವಿರೋಧ ಪಕ್ಷದ ವಕ್ತಾರರೂ ಒಂದೇ ತಟ್ಟೆಯಿಂದ ಕೋಡುಬಳೆ ತಿನ್ನುತ್ತಿದ್ದರು. "ಮಗಳ ಮದ್ವೆಗೆ ಹಾಲ್ ಸಿಕ್ತಾ ಅಣ್ಣಾ?" ಎಂದು ಇವರು, "ನಿಮ್ ಭಾವನ ಹಾಲೇ ಫಿಕ್ಸ್ ಮಾಡ್ದೆ ಕಣಪ್ಪಾ" ಎಂದು ಅವರು. ವಿರೋಧ ಪಕ್ಷದವರ ಕನ್ನಡಕ ಕಂಡೊಡನೆ ಗುರುತು ಸಿಕ್ಕಿತು: ನಮ್ಮ ಅತ್ತೆಯವರ ಕನ್ನಡಕದವರೇ. ಮೂಲೆಯಲ್ಲಿ ಒಬ್ಬ ಜ್ಯೋತಿಷಿಗಳು ಕಣ್ಣು ಮುಚ್ಚಿ ಕುಳಿತಿದ್ದರು. ಭಾಷೆಯ ಚರ್ಚೆಗೆ ಜ್ಯೋತಿಷಿ ಏಕೆಂದು ಆ ಹುಡುಗಿಯನ್ನು ಕೇಳಿದೆ. "ಸರ್ ಪರ್ಮನೆಂಟ್ ಮೇಡಂ. ಟಾಪಿಕ್ ಬದಲಾಗ್ತಿರುತ್ತೆ, ಅವ್ರು ಬದಲಾಗಲ್ಲ."

ಕೆಂಪು ದೀಪ ಹತ್ತಿತು. ನಿರೂಪಕರು ಮೇಜು ಗುದ್ದಿ, "ಕನ್ನಡದ ಕತ್ತು ಹಿಸುಕಿದ್ದು ಯಾರು?" ಎಂದು ಗುಡುಗಿದರು. ಒಂದೇ ತಟ್ಟೆಯವರು ಒಬ್ಬರ ಮೇಲೊಬ್ಬರು ಹರಿಹಾಯ್ದರು. ಕೋಡುಬಳೆಯ ಚೂರು ಇನ್ನೂ ಒಬ್ಬರ ಮೀಸೆಯಲ್ಲಿತ್ತು. ಜ್ಯೋತಿಷಿಗಳು ಕನ್ನಡಕ್ಕೆ ಶನಿಯ ದೃಷ್ಟಿಯಿದೆ ಎಂದರು. ನಾನು ಏನು ಮಾಡಿದೆ? ಜೀವಮಾನವಿಡೀ ಮಕ್ಕಳಿಗೆ ಕಲಿಸಿದ್ದನ್ನೇ ಮಾಡಿದೆ: ಬೆನ್ನು ನೆಟ್ಟಗೆ ಮಾಡಿ, ಬಲಗೈ ಎತ್ತಿ, ನನ್ನ ಹೆಸರು ಕರೆಯುವುದನ್ನು ಕಾದೆ. ಕಾಯುತ್ತಲೇ ಇದ್ದೆ. ಕೈ ನೋಯತೊಡಗಿದಾಗ ಎಡಗೈಯಿಂದ ಬಲ ಮೊಣಕೈಗೆ ಆನಿಕೆ ಕೊಟ್ಟೆ. ಇದನ್ನೂ ಮಕ್ಕಳಿಂದಲೇ ಕಲಿತದ್ದು. ಮನೆಯಲ್ಲಿ ಟಿವಿ ಮುಂದಿದ್ದ ಅತ್ತೆ, ಸೊಸೆ ನಾಡಿಗೇ ಆಶೀರ್ವಾದ ಮಾಡುತ್ತಿದ್ದಾಳೆಂದು ತಿಳಿದು ಕೈಮುಗಿದರಂತೆ.

ನನ್ನ ಕೈಯನ್ನು ಮೊದಲು ಗಮನಿಸಿದವರು ಕನ್ನಡಕದವರು. "ಸರ್, ಸರ್! ಇದು ಅನ್ಯಾಯ! ತಟಸ್ಥರು ಅಂತ ಕರ್ಸಿ ಕೂರ್ಸಿದೀರಾ, ಈಯಮ್ಮ ಆಗ್ಲಿಂದ ಪಕ್ಷದ ಚಿಹ್ನೆ ತೋರಿಸ್ತಾವ್ರೆ! ಇದು ಪ್ರಚಾರ ಅಲ್ವಾ?" ಎಂದು ಕೂಗಿದರು. ನಾನು ಬೆಚ್ಚಿ ನಾಲ್ಕು ಬೆರಳುಗಳನ್ನು ಮಡಚಿ, ಕಿರುಬೆರಳೊಂದನ್ನೇ ಎತ್ತಿ ಹಿಡಿದೆ. ಆ ಸನ್ನೆಗೆ ಶಾಲೆಯಲ್ಲಿ ಏನು ಅರ್ಥವೆಂಬುದು, ಕನ್ನಡ ನಾಡಿನಲ್ಲಿ ಒಂದನೆಯ ತರಗತಿ ಮುಗಿಸಿದ ಎಲ್ಲರಿಗೂ ಗೊತ್ತು. ಅಂದು ಆ ಗಳಿಗೆಯಲ್ಲಿ ನನಗೊಬ್ಬಳಿಗೆ ಮಾತ್ರ ಮರೆತುಹೋಗಿತ್ತು. ಕ್ಯಾಮೆರಾದ ಹಿಂದಿನಿಂದ ಆ ಹುಡುಗಿ ಬಗ್ಗಿಕೊಂಡು ಓಡಿಬಂದು ಮೇಜಿನ ಕೆಳಗಿನಿಂದ ಪಿಸುಗುಟ್ಟಿದಳು: "ಮೇಡಂ, ಸ್ವಲ್ಪ ತಡ್ಕೊಳ್ಳಿ. ಬ್ರೇಕ್ ಬರುತ್ತೆ. ಎಡಗಡೆ ಎರಡನೇ ಬಾಗಿಲು."

ಆಗ ನನ್ನೊಳಗೆ ಏನೋ ಕಡಿದುಹೋಯಿತು. ಮುಂದೆ ಚಾನೆಲಿನ ಹೆಸರಿದ್ದ ಪಿಂಗಾಣಿ ಮಗ್ಗಿತ್ತು; ಅದನ್ನೆತ್ತಿ ಡಬ್, ಡಬ್, ಡಬ್ ಎಂದು ಪ್ಲೈವುಡ್ಡಿಗೆ ಬಡಿದೆ. ವೈದ್ಯರ ಅಪ್ಪಣೆಯನ್ನು ಗಾಳಿಗೆ ತೂರಿ, ಇದ್ದ ಗಂಟಲನ್ನೆಲ್ಲ ಖರ್ಚು ಮಾಡಿ ಕೂಗಿದೆ:

"ಕೈ ಕಟ್ಟಿ! ಬಾಯಿ ಮುಚ್ಚಿ!"

ಓದುಗರೇ, ನೀವು ನಂಬಬೇಕು. ಅವರು ಕೈ ಕಟ್ಟಿದರು. ಆಡಳಿತ ಪಕ್ಷ ಕೈ ಕಟ್ಟಿತು. ವಿರೋಧ ಪಕ್ಷ ಕೈ ಕಟ್ಟಿ, ತುಟಿಯ ಮೇಲೆ ಬೆರಳನ್ನೂ ಇಟ್ಟಿತು. ಜ್ಯೋತಿಷಿಗಳು ಬೆನ್ನು ನೆಟ್ಟಗೆ ಮಾಡಿದರು. ನಿರೂಪಕರು ಕೂಡ ಕೈಯಲ್ಲಿದ್ದ ಕಾಗದಗಳನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಕೈ ಕಟ್ಟಿದರು. ಈ ನಾಡಿನ ಯಾವ ಸಭಾಧ್ಯಕ್ಷರಿಗೂ ದಕ್ಕದ ನಿಶ್ಶಬ್ದ ಅದು, ಎ.ಸಿ. ಯಂತ್ರ ತೊಟ್ಟಿಕ್ಕುವುದು ಕೇಳಿಸಿತು.

ಅದೇ ನನ್ನ ಗಳಿಗೆ. ಮೂರು ವಾಕ್ಯಗಳು ನಾಲಿಗೆಯ ತುದಿಯಲ್ಲಿದ್ದವು. ನಾಡೇ ಕೇಳುತ್ತಿತ್ತು, ಶರಣಮ್ಮ ಅಪಾರ್ಟ್‌ಮೆಂಟಿನ ಕಾವಲುಗಾರನ ಮೊಬೈಲಿನಲ್ಲಿ ನೋಡುತ್ತಿದ್ದಳು. ಆದರೆ ಮೇಷ್ಟರಿಕೆ ಮಾಡಿದವರಿಗೆ ಮಾತ್ರ ಗೊತ್ತಾಗುವ ಒಂದು ಚಟವಿದೆ: ತರಗತಿ ಸುಮ್ಮನಾದೊಡನೆ ನಾವು ಪಾಠ ಶುರುಮಾಡುವುದಿಲ್ಲ; ವಿಚಾರಣೆ ಶುರುಮಾಡುತ್ತೇವೆ.

"ಗಲಾಟೆ ಮೊದಲು ಶುರು ಮಾಡಿದ್ದು ಯಾರು?" ಎಂದೆ ನಾನು.

"ನಾನಲ್ಲ ಮಿಸ್, ಅವ್ರೇ" ಎಂದರು ಕನ್ನಡಕದವರು, ಬೆರಳನ್ನು ತುಟಿಯಿಂದ ತೆಗೆದು ಎದುರಿನವರತ್ತ ತೋರಿಸಿ.

"ಸುಳ್ಳು ಮಿಸ್! ಹಿಂದಿನ್ ಸಲಾನೂ ಇವ್ರೇ!"

"ಎದ್ದು ನಿಂತು ಹೇಳಿ. ಕನ್ನಡಕದವರೇ, ಆ ಕಡೆ ಈ ಕಡೆ ಎಂದು ಜಾಗ ಬದಲಾಯಿಸಲು ನಿಮಗೆ ಅನುಮತಿ ಕೊಟ್ಟವರು ಯಾರು? ಮೊದಲು ನಿಮ್ಮ ಜಾಗದಲ್ಲಿ ನೀವು ಕೂರುವುದನ್ನು ಕಲಿಯಿರಿ! ನೀವು, ಮೀಸೆ ಒರೆಸಿಕೊಳ್ಳಿ. ಜ್ಯೋತಿಷಿಗಳೇ, ಉಗುರು ಕಚ್ಚಬೇಡಿ..." ಎಂಥ ಸುಖ ಅದು! ಒಬ್ಬೊಬ್ಬರನ್ನೇ ನಿಲ್ಲಿಸಿ ಬೈದೆ. ಇನ್ನೇನು ನಿರೂಪಕರ ಸರದಿ ಎನ್ನುವಾಗ ಅವರಿಗೆ ತಾವು ಯಾರೆಂಬುದು ನೆನಪಾಗಿ, "ಒಂದು ಪುಟ್ಟ ವಿರಾಮ!" ಎಂದು ಕಿರುಚಿದರು. ವಿರಾಮ ಮುಗಿಯುವುದರೊಳಗೆ ಯಾವನೋ ಶಾಸಕನು ರೆಸಾರ್ಟಿಗೆ ಹೊರಟ ಸುದ್ದಿ ಬಂದು, ಕನ್ನಡ ಉಳಿಯಿತೋ ಅಳಿಯಿತೋ ತಿಳಿಯದೆಯೇ ನಮ್ಮನ್ನು ಮನೆಗೆ ಕಳಿಸಿದರು.

ಮರುದಿನ ನಾನು ಪ್ರಸಿದ್ಧಳಾಗಿದ್ದೆ, ಮೂಕಳೂ ಆಗಿದ್ದೆ. ಬಿಸಿನೀರು, ಕಷಾಯ, ಮೌನ ಎಂದು ವೈದ್ಯರು ಬೈದು ಕಳಿಸಿದರು. "ಕೈ ಕಟ್ಟಿ ಬಾಯಿ ಮುಚ್ಚಿ" ತುಣುಕು ಮೊಬೈಲಿನಿಂದ ಮೊಬೈಲಿಗೆ ಹಾರಿತು. ಯಾರೋ ಅದಕ್ಕೆ ತಮಟೆ ಸದ್ದು ಸೇರಿಸಿದ್ದರು. ನಮ್ಮ ಯಜಮಾನರು ನಾನು ಉತ್ತರ ಕೊಡಲಾರೆನೆಂಬ ಧೈರ್ಯದಲ್ಲಿ ದಿನಕ್ಕೆ ಹತ್ತಾರು ಸಲ ಹಾಕಿ ನೋಡಿದರು. ಸಂಜೆ ಶರಣಮ್ಮ ಬಂದಳು.

"ಭಾಳ ಚೊಲೊ ಬೈದ್ರಿ ಟೀಚರ್ರ. ನಾವೆಲ್ಲ ನಕ್ಕೊಂತ ಕುಂತಿದ್ವಿ." ನಗು ಮುಗಿದ ಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡು ಕೇಳಿದಳು: "ಸಾಲೀದು ಯಾವಾಗ ಹೇಳ್ತೀರಿ?"

ನಾನು ಗಂಟಲು ತೋರಿಸಿದೆ.

ಡಿಸೆಂಬರ್ ಬರುವುದರೊಳಗೆ ಶಾಲೆಗೆ ಬೀಗ ಬಿತ್ತು. ಅದೇ ವಾರ ಆ ಕಾಂಪೌಂಡಿನ ಮೇಲೆ ಹೊಸ ಫ್ಲೆಕ್ಸ್ ಬಂತು. ಮುಖಂಡರು ಕೈಮುಗಿದು ನಿಂತಿದ್ದಾರೆ. ಅವರ ಪಕ್ಕದಲ್ಲಿ ನಾನು, ಬೂದು ಸೀರೆಯಲ್ಲಿ, ಬಾಯಿ ತೆರೆದು, ಮಗ್ಗು ಎತ್ತಿ ಹಿಡಿದಿದ್ದೇನೆ. "ನಮ್ಮ ಬಡಾವಣೆಯ ಕನ್ನಡದ ಹೆಮ್ಮೆ." ನಾಮಫಲಕವನ್ನು ಈಗ ಮರೆಮಾಡಿರುವುದು ನನ್ನ ಮುಖ. ಅತ್ತೆಯನ್ನು ಕೈಹಿಡಿದು ಕರೆದೊಯ್ದು ತೋರಿಸಿದರೆ, "ಚೆನ್ನಾಗ್ ಬಂದಿದೆ, ಸ್ವಲ್ಪ ದಪ್ಪ ಕಾಣ್ತೀಯ" ಎಂದರು.

ಮಕ್ಕಳು ರಸ್ತೆ ದಾಟಲೇಬೇಕಾದ ಮೊದಲ ದಿನ ನಾನೂ ಹೋದೆ. ಹೇಳಲಾಗದವಳು ನಿಂತಾದರೂ ನೋಡೋಣವೆಂದು. ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ರಸ್ತೆಗೆ ಕಾಲಿಟ್ಟು, ಬೇರೆ ಉಪಾಯ ತೋರದೆ ಮತ್ತೆ ಬಲಗೈ ಎತ್ತಿದೆ. ನೀರಿನ ಟ್ಯಾಂಕರೊಂದು ಹಾರ್ನು ಹೊಡೆಯುತ್ತಾ ಬಂತು. ಬಂದದ್ದು, ಕಿರ್‍ರೆಂದು ನಿಂತಿತು. ಚಾಲಕನು ಕಿಟಕಿಯಿಂದ ಅರ್ಧ ದೇಹ ಹೊರಗೆ ಹಾಕಿ ಹಿಂದಿನವರಿಗೆಲ್ಲ ಕೇಳಿಸುವಂತೆ ಕೂಗಿದನು: "ಏಯ್ ಮಗಾ, ಕೈ ಕಟ್ಟಿ ಬಾಯ್ ಮುಚ್ಚಿ ಮಿಸ್ಸು! ಮಿಸ್, ಮಿಸ್, ಒಂದ್ ಸೆಲ್ಫಿ!" ಹಿಂದಿನ ಆಟೋಗಳು ನಿಂತವು, ಸ್ಕೂಟರುಗಳು ನಿಂತವು, ಎಲ್ಲರೂ ಮೊಬೈಲು ಎತ್ತಿದರು. ನಾನು ಹಲ್ಲು ಬಿಟ್ಟುಕೊಂಡು, ಎತ್ತಿದ ಕೈ ಇಳಿಸದೆ ನಿಂತೆ. ಅಷ್ಟರಲ್ಲಿ ಶರಣಮ್ಮನ ಮಗಳು ತನ್ನ ಸಾಲಿನವರೊಂದಿಗೆ ಆಚೆ ದಡ ಸೇರಿಕೊಂಡಳು.

ಈಗ ಇದೇ ನನ್ನ ದಿನಚರಿ. ಮೊನ್ನೆ ಮಾತ್ರ ಒಂದು ಟ್ಯಾಂಕರು ಬಹಳ ಹತ್ತಿರಕ್ಕೆ ಬಂದು ನಿಂತಿತು. ಚಾಲಕನು ನನ್ನನ್ನು ನೋಡಿ, ಎಲ್ಲಿ ನೋಡಿದ್ದೇನೆ ಎಂದು ಯೋಚಿಸುತ್ತಿದ್ದನು. ಡ್ಯೂಟಿಯ ನಡುವೆ ಮಕ್ಕಳನ್ನು ನೋಡಿಹೋಗಲು ಓಡಿಬಂದಿದ್ದ ಶರಣಮ್ಮ ಅದನ್ನು ಕಂಡು ಅಲ್ಲೇ ನಿಂತಳು.

"ಟೀಚರ್ರ, ಮತ್ತೊಮ್ಮೆ ಟಿವ್ಯಾಗ ಹೋಗಿ ಬರ್ರಿ. ಮಂದಿ ನಿಮ್ ಮುಖ ಮರ್ಯಾಕತ್ಯಾರ. ಮರತ್ರ ಲಾರಿ ನಿಲ್ಲಂಗಿಲ್ರಿ."

ಗಂಟಲು ಈಗ ಸುಮಾರಾಗಿ ಮರಳಿದೆ. ಚಾನೆಲಿನ ಹುಡುಗಿಗೆ ನಾನೇ ಫೋನು ಮಾಡಿದೆ. ಅವಳಿಗೆ ಅಪಾರ ಸಂತೋಷವಾಯಿತು. ಈ ವಾರದ ವಿಷಯ, ಮದುವೆ ಮನೆಗಳಲ್ಲಿ ಡ್ರೋನ್ ಕ್ಯಾಮೆರಾ ಬೇಕೇ ಬೇಡವೇ ಎಂಬುದು. ಡ್ರೋನಿನ ಬಗ್ಗೆ ನನಗೆ ಏನೂ ಗೊತ್ತಿಲ್ಲವೆಂದೆ. "ಯಾರಿಗೆ ಗೊತ್ತು ಮೇಡಂ? ನೀವು ಬೈದ್ರೆ ಸಾಕು" ಎಂದಳು. ಅದೇ ಕನ್ನಡಕದವರು ಬರುತ್ತಾರಂತೆ, ಮತ್ತೆ ಆ ಕಡೆಯಿಂದ. ಖಾದರ್ ಸಾಹೇಬರಲ್ಲಿ ಇನ್ನೊಂದು ಬೂದು ರವಿಕೆ ಹೊಲಿಯಲು ಕೊಟ್ಟು ಬಂದಿದ್ದೇನೆ. ಪಿಂಗಾಣಿ ಮಗ್ಗಿನ ಸದ್ದು ಅಷ್ಟು ಖಚಿತವಾಗಿ ಬರುವುದಿಲ್ಲ. ಆದ್ದರಿಂದ ಅಟ್ಟದ ಮೇಲಿದ್ದ ನನ್ನ ಹಳೆಯ ಮರದ ರೂಲುದೊಣ್ಣೆಯನ್ನು ಇಳಿಸಿ, ಒರೆಸಿ, ಚೀಲಕ್ಕೆ ಹಾಕಿಕೊಂಡಿದ್ದೇನೆ. ಕನ್ನಡಿಯ ಮುಂದೆ ನಿಂತು ಎರಡು ಸಲ ಬಡಿದೂ ನೋಡಿದೆ. ಪಕ್ಕದ ಕೋಣೆಯಲ್ಲಿ ಚರ್ಚೆ ನೋಡುತ್ತಿದ್ದ ಯಜಮಾನರು, ಯಾರೂ ಹೇಳದೆಯೇ, ಟಿವಿಯ ಸದ್ದನ್ನು ತಗ್ಗಿಸಿದರು.